ಪಾಸ್‌ಪೋರ್ಟ್ ಫೋಟೋ: ಮನೆಯಲ್ಲೇ ತೆಗೆಯುವುದು ಹೇಗೆ?

ಮಗುವಿಗೆ ಪಾಸ್‌ಪೋರ್ಟ್, ಮಗಳಿಗೆ ನೀಟ್ ಪರೀಕ್ಷೆಯ ಅರ್ಜಿ, ಹದಿನೆಂಟು ತುಂಬಿದ ಮಗನಿಗೆ ಮತದಾರರ ಗುರುತಿನ ಚೀಟಿ, ದುಬೈಯಲ್ಲಿರುವ ಅಳಿಯನಿಗೆ ಪಾಸ್‌ಪೋರ್ಟ್ ನವೀಕರಣ. ಯಾವ ಅರ್ಜಿ ಕೈಗೆ ತೆಗೆದುಕೊಂಡರೂ ಮೂಲೆಯಲ್ಲಿ ಒಂದು ಪುಟ್ಟ ಚೌಕ ಇದ್ದೇ ಇರುತ್ತದೆ. 'ಇಲ್ಲಿ ಇತ್ತೀಚಿನ ಭಾವಚಿತ್ರ ಅಂಟಿಸಿ' ಎನ್ನುವ ಆ ಚೌಕಕ್ಕಾಗಿ ನಾವು ಮಗ್ಗ ಬಿಟ್ಟು, ಹೊಲ ಬಿಟ್ಟು, ಅರ್ಧ ದಿನದ ಕೂಲಿ ಬಿಟ್ಟು ಓಡುತ್ತೇವೆ. ಅಷ್ಟೆಲ್ಲ ಮಾಡಿದ ಮೇಲೂ 'ಹಿನ್ನೆಲೆ ಬಿಳಿ ಇಲ್ಲ', 'ಮುಖ ಸಣ್ಣದಾಗಿದೆ' ಎಂದು ಅರ್ಜಿ ವಾಪಸು ಬಂದರೆ ಹೊಟ್ಟೆ ಉರಿಯದೆ ಇರುತ್ತದೆಯೇ?

ಚಿನ್ನಾಳಪಟ್ಟಿಯಿಂದ ದಿಂಡಿಗಲ್ ಹತ್ತಿರವೇ, ಸುಮಾರು 11 ಕಿ.ಮೀ. ಆದರೆ ಕೈಗೂಸನ್ನೋ ಎದ್ದು ಓಡಾಡಲಾಗದ ಅಜ್ಜಿಯನ್ನೋ ಬಸ್ಸಿನಲ್ಲಿ ಕೂರಿಸಿಕೊಂಡು ಹೋಗಿ ಬರುವುದು ಹತ್ತಿರದ ಮಾತಲ್ಲ. ಕಂಬಂ ಕಣಿವೆಯ ತೋಟದ ಹಳ್ಳಿಗಳಲ್ಲಿ ಇರುವವರಿಗೂ ಇದೇ ಪಾಡು. ಈಗ ಪ್ರತಿ ಮನೆಯಲ್ಲೂ ಕ್ಯಾಮೆರಾ ಇರುವ ಮೊಬೈಲ್ ಇದೆ. ಒಂದು ಕಿಟಕಿ, ಒಂದು ಬಿಳಿ ಬಟ್ಟೆ, ಒಂದು ಅಳತೆಪಟ್ಟಿ ಇದ್ದರೆ ಒಳ್ಳೆಯ ಫೋಟೋ ಮನೆಯಲ್ಲೇ ಸಿದ್ಧ. ಅದರ ವಿವರ ಇಲ್ಲಿದೆ. ಇದನ್ನು ಪ್ರಿಂಟ್ ತೆಗೆದು ಇಟ್ಟುಕೊಂಡರೂ ಆದೀತು.

ಮೊದಲ ಪ್ರಶ್ನೆ: ಫೋಟೋ ಬೇಕೇ?

ತಮಾಷೆ ಎನಿಸಬಹುದು, ಆದರೆ ಭಾರತದ ಪಾಸ್‌ಪೋರ್ಟ್ ಮಾಡಿಸುವ ದೊಡ್ಡವರಿಗೆ ಪಾಸ್‌ಪೋರ್ಟ್ ಫೋಟೋ ಬೇಕಿಲ್ಲ! ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ನಿಮ್ಮನ್ನು ಕುಳ್ಳಿರಿಸಿ ಅವರೇ ಫೋಟೋ ತೆಗೆಯುತ್ತಾರೆ, ಬೆರಳಚ್ಚನ್ನೂ ಪಡೆಯುತ್ತಾರೆ. ದಿಂಡಿಗಲ್ ಮತ್ತು ತೇನಿ ಜಿಲ್ಲೆಗಳು ಮದುರೈ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ಅಂಚೆ ಕಚೇರಿಗಳಲ್ಲೂ ಪಾಸ್‌ಪೋರ್ಟ್ ಸೇವಾ ಕೇಂದ್ರ ತೆರೆಯುವ ಯೋಜನೆ 2017ರ ಜನವರಿಯಲ್ಲಿ ಮೈಸೂರು ಮತ್ತು ಗುಜರಾತಿನ ದಾಹೋದ್‌ನಲ್ಲಿ ಶುರುವಾಯಿತು. ಆಮೇಲೆ ದೇಶದ ಉದ್ದಗಲಕ್ಕೂ ಹರಡಿತು. ಅರ್ಜಿ ತುಂಬಿ ಸಮಯ ಕಾಯ್ದಿರಿಸುವಾಗ ನಿಮಗೆ ಹತ್ತಿರದ ಕೇಂದ್ರ ಯಾವುದೆಂದು ಪಾಸ್‌ಪೋರ್ಟ್ ಸೇವಾ ತಾಣವೇ ತೋರಿಸುತ್ತದೆ.

ಹಾಗೆಯೇ ಆಧಾರ್‌ಗೆ ಫೋಟೋ ಒಯ್ಯಬೇಕಿಲ್ಲ, ನೋಂದಣಿ ಕೇಂದ್ರದಲ್ಲೇ ತೆಗೆಯುತ್ತಾರೆ. ಹೀಗಾಗಿ ಯಾರಾದರೂ ದಾರಿಯಲ್ಲಿ ನಿಲ್ಲಿಸಿ 'ಪಾಸ್‌ಪೋರ್ಟಿಗೆ ಎಂಟು ಫೋಟೋ ಕಡ್ಡಾಯ' ಎಂದು ಹೇಳಿದರೆ ನಂಬಬೇಡಿ.

ಹಾಗಾದರೆ ಬೇಕಿರುವುದು ಯಾರಿಗೆ?

* 4 ವರ್ಷದೊಳಗಿನ ಮಕ್ಕಳಿಗೆ. ಇವರ ಪಾಸ್‌ಪೋರ್ಟಿಗೆ ಬಿಳಿ ಹಿನ್ನೆಲೆಯ ಇತ್ತೀಚಿನ ಫೋಟೋ ಮನೆಯಿಂದಲೇ ಒಯ್ಯಬೇಕು. ಮಗುವನ್ನೂ ಕರೆದೊಯ್ಯಬೇಕು.
* ವಿದೇಶದಲ್ಲಿದ್ದು ಅಲ್ಲಿಯ ಭಾರತೀಯ ರಾಯಭಾರ ಕಚೇರಿಯ ಮೂಲಕ ಪಾಸ್‌ಪೋರ್ಟ್ ನವೀಕರಿಸುವವರಿಗೆ.
* ಬೇರೆ ದೇಶದ ವೀಸಾ ಕೇಳುವವರಿಗೆ.
* ಮತದಾರರ ಪಟ್ಟಿಗೆ ಸೇರುವವರಿಗೆ, ಪ್ರವೇಶ ಪರೀಕ್ಷೆ ಬರೆಯುವವರಿಗೆ.
* ತಮಿಳುನಾಡಿನ ಸ್ಮಾರ್ಟ್ ಪಡಿತರ ಚೀಟಿಗೆ ಆನ್‌ಲೈನ್ ಅರ್ಜಿ ಹಾಕುವವರಿಗೆ. ಇದರಲ್ಲಿ ಕುಟುಂಬದ ಮುಖ್ಯಸ್ಥರ ಫೋಟೋ ಏರಿಸಬೇಕಾಗುತ್ತದೆ.

ಯಾವುದಕ್ಕೆ ಎಷ್ಟು ಅಳತೆ?

'ಪಾಸ್‌ಪೋರ್ಟ್ ಸೈಜ್' ಎನ್ನುವುದು ಒಂದೇ ಅಳತೆ ಎಂದು ನಾವೆಲ್ಲ ತಿಳಿದಿದ್ದೇವೆ. ಅದು ಹಾಗಿಲ್ಲ. ಸಾಮಾನ್ಯವಾಗಿ ಬೇಕಾಗುವ ಅಳತೆಗಳು ಹೀಗಿವೆ:

* 4 ವರ್ಷದೊಳಗಿನ ಮಗುವಿನ ಭಾರತೀಯ ಪಾಸ್‌ಪೋರ್ಟ್: 3.5 ಸೆಂ.ಮೀ. ಅಗಲ, 4.5 ಸೆಂ.ಮೀ. ಎತ್ತರ. ಬಿಳಿ ಹಿನ್ನೆಲೆ.
* ವಿದೇಶದಲ್ಲಿ ಭಾರತೀಯ ಪಾಸ್‌ಪೋರ್ಟ್: 2025ರ ಸೆಪ್ಟೆಂಬರ್ 1ರಿಂದ ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮಕ್ಕೆ ಹೊಂದುವ ಫೋಟೋ ಕೇಳುತ್ತಿದ್ದಾರೆ. 630 x 810 ಪಿಕ್ಸೆಲ್. ಚಿತ್ರದ ಶೇ. 80ರಿಂದ 85ರಷ್ಟು ಮುಖ ತುಂಬಿರಬೇಕು. ಬಿಳಿ ಹಿನ್ನೆಲೆ.
* ಮತದಾರರ ಪಟ್ಟಿ, ನಮೂನೆ 6: 3.5 x 4.5 ಸೆಂ.ಮೀ., ಬಣ್ಣದ ಫೋಟೋ, ಬಿಳಿ ಹಿನ್ನೆಲೆ. ಫೋಟೋ ಮೇಲೆ ಸಹಿ ಹಾಕಬಾರದು.
* ಯುರೋಪಿನ ಷೆಂಗೆನ್ ವೀಸಾ: 35 x 45 ಮಿ.ಮೀ. ಗಲ್ಲದಿಂದ ನೆತ್ತಿಯವರೆಗೆ 32ರಿಂದ 36 ಮಿ.ಮೀ.
* ಅಮೆರಿಕ ವೀಸಾ: 2 x 2 ಇಂಚು, ಅಂದರೆ 51 x 51 ಮಿ.ಮೀ. ಚೌಕ. ತಲೆ 25ರಿಂದ 35 ಮಿ.ಮೀ. ಕಂಪ್ಯೂಟರಿನಲ್ಲಿ ಕಳಿಸುವುದಾದರೆ 600 x 600ರಿಂದ 1200 x 1200 ಪಿಕ್ಸೆಲ್, 240 ಕೆಬಿ ಮೀರಬಾರದು. ಫೋಟೋ ಆರು ತಿಂಗಳೊಳಗಿನದಾಗಿರಬೇಕು.
* ನೀಟ್: ಈಚಿನ ವರ್ಷಗಳ ಮಾಹಿತಿ ಪುಸ್ತಿಕೆಗಳು ಬಿಳಿ ಹಿನ್ನೆಲೆ, ಶೇ. 80ರಷ್ಟು ಮುಖ, ಕಿವಿ ಎರಡೂ ಕಾಣಬೇಕು ಎಂದು ಹೇಳಿವೆ. ಪಾಸ್‌ಪೋರ್ಟ್ ಫೋಟೋ ಜತೆಗೆ 4 x 6 ಇಂಚಿನ ಪೋಸ್ಟ್‌ಕಾರ್ಡ್ ಫೋಟೋವನ್ನೂ ಕೇಳಿವೆ. ಆಯಾ ವರ್ಷದ ಪುಸ್ತಿಕೆ ನೋಡಿಯೇ ಮುಂದುವರಿಯಿರಿ.

ಗಮನಿಸಿ: 630 x 810 ಎಂದರೂ 35 x 45 ಎಂದರೂ ಆಕಾರ ಒಂದೇ. ಎರಡೂ 7ಕ್ಕೆ 9ರ ಲೆಕ್ಕ. ಆದ್ದರಿಂದ ಒಂದು ಒಳ್ಳೆಯ ಮೂಲ ಫೋಟೋ ತೆಗೆದಿಟ್ಟುಕೊಂಡರೆ ಅದರಿಂದಲೇ ಎಲ್ಲವನ್ನೂ ಕತ್ತರಿಸಿಕೊಳ್ಳಬಹುದು. ಚೌಕವೂ ಅದರಲ್ಲೇ ಆಗುತ್ತದೆ. ಇದಕ್ಕಾಗಿ ತೆಗೆಯುವಾಗ ತಲೆಯ ಸುತ್ತ ಧಾರಾಳ ಜಾಗ ಬಿಡಿ.

ಈ ಚೌಕ ಬಂದದ್ದು ಎಲ್ಲಿಂದ?

ಮೊದಲ ಮಹಾಯುದ್ಧಕ್ಕೆ ಮುಂಚೆ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ಫೋಟೋ ಇರುತ್ತಿರಲಿಲ್ಲ. 'ಎತ್ತರದ ಆಳು, ಅಗಲ ಹಣೆ, ಕಂದು ಕಣ್ಣು' ಎಂದು ವರ್ಣನೆ ಬರೆದರೆ ಆಯಿತು. 1914ರಲ್ಲಿ ಕಾರ್ಲ್ ಹಾನ್ಸ್ ಲೋಡಿ ಎಂಬ ಜರ್ಮನ್ ಗೂಢಚಾರ ಇನ್ನೊಬ್ಬರ ಅಮೆರಿಕನ್ ಪಾಸ್‌ಪೋರ್ಟ್ ಹಿಡಿದು ಬ್ರಿಟನ್ನಿನಲ್ಲಿ ಓಡಾಡಿದ. ಸಿಕ್ಕಿಬಿದ್ದ ಅವನನ್ನು ಆ ವರ್ಷದ ನವೆಂಬರ್ 6ರಂದು ಲಂಡನ್ ಟವರ್‌ನಲ್ಲಿ ಗುಂಡಿಟ್ಟು ಕೊಂದರು. ಯುದ್ಧಕಾಲದ ಇಂತಹ ಭಯದಲ್ಲೇ ಪಾಸ್‌ಪೋರ್ಟಿಗೆ ಫೋಟೋ ಬಂದು ಕೂತಿತು. 1920ರಲ್ಲಿ ರಾಷ್ಟ್ರ ಸಂಘ ಪ್ಯಾರಿಸ್ಸಿನಲ್ಲಿ ಸಭೆ ಸೇರಿಸಿ ಎಲ್ಲ ದೇಶಗಳಿಗೂ ಒಂದೇ ಮಾದರಿಯ ಪುಸ್ತಕ ಇರಲಿ ಎಂದು ಹೇಳಿತು.

ಅಂದಿನ ನೋಡುವ ಕಣ್ಣು ಮನುಷ್ಯನದ್ದು. ಇಂದಿನದು ಯಂತ್ರದ್ದು. ಕೈಬರಹದ ಹಳೆಯ ಪಾಸ್‌ಪೋರ್ಟುಗಳಿಗೆ 2015ರ ನವೆಂಬರ್ 24 ಕೊನೆಯ ಗಡುವಾಗಿತ್ತು. ಚಿಪ್ ಇರುವ ಇ-ಪಾಸ್‌ಪೋರ್ಟ್ 2024ರ ಏಪ್ರಿಲ್‌ನಲ್ಲಿ ನಾಗಪುರ ಮತ್ತು ಭುವನೇಶ್ವರದಲ್ಲಿ ಪ್ರಾಯೋಗಿಕವಾಗಿ ಶುರುವಾಗಿ, 2025ರ ಮಾರ್ಚ್ 3ರಿಂದ ಚೆನ್ನೈ ಕಚೇರಿಯಲ್ಲೂ ಬಂತು. ಆ ಚಿಪ್ಪಿನೊಳಗೂ ನಿಮ್ಮ ಮುಖ ಇರುತ್ತದೆ. ವಿಮಾನ ನಿಲ್ದಾಣದ ಯಂತ್ರ ಕಣ್ಣು, ಮೂಗು, ಬಾಯಿಯ ನಡುವಿನ ದೂರ ಅಳೆದು ಎದುರಿಗಿರುವ ಮುಖದ ಜತೆ ತಾಳೆ ನೋಡುತ್ತದೆ. ನಕ್ಕರೆ ಬಾಯಿಯ ಅಗಲ ಬದಲಾಗುತ್ತದೆ, ತಲೆ ಓರೆಯಾದರೆ ಲೆಕ್ಕ ತಪ್ಪುತ್ತದೆ, ನೆರಳು ಬಿದ್ದರೆ ಅಂಚು ಸಿಗುವುದಿಲ್ಲ. 'ನಗಬೇಡಿ' ಎನ್ನುವುದರ ಗುಟ್ಟು ಇಷ್ಟೇ. ಇದನ್ನು ತಿಳಿದುಕೊಂಡರೆ ಮುಂದಿನ ನಿಯಮಗಳನ್ನು ಬಾಯಿಪಾಠ ಮಾಡಬೇಕಿಲ್ಲ.

ಬೆಳಕು: ಅರ್ಧ ಕೆಲಸ ಇಲ್ಲೇ

ಬಣ್ಣ ಹಾಕಿದ ನೂಲನ್ನು ಹಗಲು ಬೆಳಕಿಗೆ ಹಿಡಿದೇ ನೋಡಬೇಕು, ಟ್ಯೂಬ್‌ಲೈಟ್ ಕೆಳಗೆ ನೋಡಿದರೆ ಮೋಸ ಹೋಗುತ್ತೇವೆ ಎಂಬುದನ್ನು ಚಿನ್ನಾಳಪಟ್ಟಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮುಖದ ಬಣ್ಣಕ್ಕೂ ಅದೇ ಮಾತು.

* ಬೆಳಗ್ಗೆ 8ರಿಂದ 10 ಅಥವಾ ಮಧ್ಯಾಹ್ನ 3ರಿಂದ 5 ಒಳ್ಳೆಯ ಸಮಯ. ದೀಪ, ಫ್ಲ್ಯಾಶ್ ಎರಡೂ ಬೇಡ.
* ದೊಡ್ಡ ಕಿಟಕಿ ಅಥವಾ ತೆರೆದ ಬಾಗಿಲಿಗೆ ಮುಖ ಮಾಡಿ ಕೂರಬೇಕು. ಬಿಸಿಲು ನೇರವಾಗಿ ಮುಖಕ್ಕೆ ಬೀಳಬಾರದು. ಬಿಸಿಲು ಬೀಳದ ಜಗಲಿಯ ನೆರಳು ಎಲ್ಲಕ್ಕಿಂತ ಉತ್ತಮ.
* ಕಿಟಕಿ ಒಂದು ಪಕ್ಕಕ್ಕೆ ಮಾತ್ರ ಇದ್ದರೆ ಮುಖದ ಇನ್ನೊಂದು ಅರ್ಧ ಕಪ್ಪಾಗುತ್ತದೆ. ಆ ಕಡೆಗೆ ಯಾರಾದರೂ ಒಂದು ಥರ್ಮೋಕೋಲ್ ಹಲಗೆಯನ್ನೋ ಬಿಳಿ ಪಂಚೆಯನ್ನೋ ಹಿಡಿದು ನಿಲ್ಲಲಿ. ಬೆಳಕು ತಿರುಗಿ ಬಿದ್ದು ಎರಡು ಕೆನ್ನೆಯೂ ಸಮವಾಗುತ್ತವೆ.
* ತಲೆಯ ಮೇಲಿನ ಬಲ್ಬು ಆರಿಸಿಬಿಡಿ. ಅದು ಕಣ್ಣಿನ ಕೆಳಗೆ ಗುಳಿ ಬಿದ್ದಂತೆ ಮಾಡುತ್ತದೆ.
* ಹಸಿರು, ನೀಲಿ ಬಣ್ಣ ಬಳಿದ ಸಣ್ಣ ಕೋಣೆಯಲ್ಲಿ ತೆಗೆಯಬೇಡಿ. ಗೋಡೆಯ ಬಣ್ಣ ಮುಖಕ್ಕೂ ಹತ್ತುತ್ತದೆ.

ಹಿನ್ನೆಲೆ: ಬಿಳಿ ಎಂದರೆ ಬಿಳಿಯೇ

ಸುಣ್ಣ ಬಳಿದ ಗೋಡೆ ಇದ್ದರೆ ಸರಿ. ಕಲೆ, ಮೊಳೆ, ಕ್ಯಾಲೆಂಡರ್ ಇರಬಾರದು. ಇಲ್ಲವಾದರೆ ಬಿಳಿ ಬಟ್ಟೆ. ನೇಕಾರರ ಮನೆಯಲ್ಲಿ ಬಟ್ಟೆಗೆ ಏನು ಬರ? ಅಂಚಿಲ್ಲದ ಬಿಳಿ ಪಂಚೆ, ಬಣ್ಣಕ್ಕೆ ಹಾಕದ ಬಿಳಿ ಬಟ್ಟೆ, ಯಾವುದಾದರೂ ನಡೆಯುತ್ತದೆ. ಆದರೆ ಮೂರು ಎಚ್ಚರ.

ಒಂದು, ಇಸ್ತ್ರಿ ಮಾಡಿ ಬಿಗಿಯಾಗಿ ಕಟ್ಟಿ. ಸುಕ್ಕು ಫೋಟೋದಲ್ಲಿ ಗೀರಿನಂತೆ ಕಾಣುತ್ತದೆ. ಎರಡು, ತೆಳು ಬಟ್ಟೆಯಾದರೆ ಎರಡು ಮಡಿಕೆ ಹಾಕಿ, ಇಲ್ಲದಿದ್ದರೆ ಹಿಂದಿನ ಗೋಡೆ ಇಣುಕುತ್ತದೆ. ಮೂರು, ಕೂತವರಿಗೂ ಬಟ್ಟೆಗೂ ನಡುವೆ ಎರಡು ಮೂರು ಅಡಿ ಅಂತರ ಇರಲಿ. ಗೋಡೆಗೆ ಒರಗಿ ಕೂತರೆ ತಲೆಯ ನೆರಳು ಹಿಂದೆ ಬೀಳುತ್ತದೆ. ಮನೆಯಲ್ಲಿ ತೆಗೆದ ಫೋಟೋ ಹಾಳಾಗುವುದು ಬಹುಪಾಲು ಈ ನೆರಳಿನಿಂದಲೇ.

ಬಟ್ಟೆ, ಕೂದಲು, ಕನ್ನಡಕ

* ಬಿಳಿ ಹಿನ್ನೆಲೆಗೆ ಬಿಳಿ ಅಂಗಿ ಬೇಡ. ಭುಜ ಎಲ್ಲಿ ಮುಗಿಯಿತು, ಹಿನ್ನೆಲೆ ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ. ಗಾಢ ಬಣ್ಣದ ಅಂಗಿ, ಸೀರೆ, ಚೂಡಿದಾರ್ ಹಾಕಿಕೊಳ್ಳಿ. ಜರಿಯ ದೊಡ್ಡ ಅಂಚು ಕುತ್ತಿಗೆಯ ಬಳಿ ಮಿನುಗದಂತೆ ಸೆರಗು ಹೊದ್ದುಕೊಂಡರೆ ಸಾಕು.
* ಕೂದಲು ಹಣೆ ಮತ್ತು ಹುಬ್ಬಿನ ಮೇಲೆ ಇಳಿಯಬಾರದು. ಕಿವಿ ಕಾಣುವಂತೆ ಹಿಂದಕ್ಕೆ ಬಾಚಿ. ಮಲ್ಲಿಗೆ ಮುಡಿದಿದ್ದರೆ ಅದು ತಲೆಯ ಪಕ್ಕದಿಂದ ಹೊರಗೆ ಇಣುಕದಿರಲಿ.
* ಕನ್ನಡಕ ತೆಗೆದಿಡುವುದು ಕ್ಷೇಮ. ಅಮೆರಿಕದ ವೀಸಾ ಫೋಟೋದಲ್ಲಿ 2016ರ ನವೆಂಬರ್ 1ರಿಂದ ಕನ್ನಡಕಕ್ಕೆ ಅವಕಾಶವಿಲ್ಲ. ಗಾಜಿನ ಮೇಲಿನ ಹೊಳಪು ಕಣ್ಣನ್ನು ಮುಚ್ಚುವುದೇ ಇದಕ್ಕೆ ಕಾರಣ.
* ಟೋಪಿ, ಟವೆಲ್, ರುಮಾಲು ಬೇಡ. ಧರ್ಮದ ಕಾರಣಕ್ಕೆ ತಲೆ ಮುಚ್ಚುವವರಿಗೆ ವಿನಾಯಿತಿ ಇದೆ. ಆದರೆ ಗಲ್ಲದಿಂದ ಹಣೆಯವರೆಗೆ ಮುಖ ಪೂರ್ತಿ ಕಾಣಬೇಕು, ನೆರಳು ಬೀಳಬಾರದು.
* ವಿಭೂತಿ ದಪ್ಪಗಿದ್ದರೆ ಬೆಳಕಿಗೆ ಹಣೆ ಬೆಳ್ಳಗೆ ಹೊಳೆಯುತ್ತದೆ. ಫೋಟೋ ಮುಗಿದ ಮೇಲೆ ಇಟ್ಟುಕೊಳ್ಳಬಹುದು. ದಿನವೂ ಇಡುವ ಕುಂಕುಮ ಸಣ್ಣದಾಗಿರಲಿ.
* ಎಣ್ಣೆ, ಬೆವರು ಒರೆಸಿಕೊಳ್ಳಿ. ಪೌಡರ್ ಅತಿಯಾದರೆ ಮುಖ ಬೇರೆ, ಕುತ್ತಿಗೆ ಬೇರೆ ಆಗುತ್ತದೆ.

ಕ್ಯಾಮೆರಾ: ಸೆಲ್ಫಿ ಏಕೆ ಬೇಡ?

ಕೈ ಚಾಚಿ ಸೆಲ್ಫಿ ತೆಗೆದರೆ ಮೊಬೈಲ್ ಮುಖದಿಂದ ಸುಮಾರು 40 ಸೆಂ.ಮೀ. ದೂರ ಇರುತ್ತದೆ. ಮೂಗಿನ ತುದಿಗೂ ಕಿವಿಗೂ ನಡುವೆ ಸುಮಾರು 12 ಸೆಂ.ಮೀ. ಅಂತರವಿದೆ ಎಂದಿಟ್ಟುಕೊಳ್ಳಿ. ಆಗ ಕಿವಿ ಕ್ಯಾಮೆರಾದಿಂದ 52 ಸೆಂ.ಮೀ. ದೂರ. ಹತ್ತಿರದ ಮೂಗು ಕಿವಿಗಿಂತ ಶೇ. 30ರಷ್ಟು ದೊಡ್ಡದಾಗಿ ಬೀಳುತ್ತದೆ. ಅದೇ ಒಂದೂವರೆ ಮೀಟರ್ ದೂರದಿಂದ ತೆಗೆದರೆ ಈ ವ್ಯತ್ಯಾಸ ಬರೇ ಶೇ. 8. ಸೆಲ್ಫಿಯಲ್ಲಿ ನಮ್ಮ ಮುಖ ನಮಗೇ ವಿಚಿತ್ರವಾಗಿ ಕಾಣುವುದು ಇದಕ್ಕೇ. ಭಾರತೀಯ ರಾಯಭಾರ ಕಚೇರಿಗಳ ಸೂಚನೆಯಲ್ಲೂ ಒಂದೂವರೆ ಮೀಟರ್ ದೂರ ಎಂದೇ ಇದೆ.

ಹೀಗೆ ಮಾಡಿ:

1. ಇನ್ನೊಬ್ಬರ ಸಹಾಯ ಪಡೆಯಿರಿ. ಯಾರೂ ಇಲ್ಲದಿದ್ದರೆ ಮೊಬೈಲನ್ನು ಸ್ಟೂಲಿನ ಮೇಲೆ ಪುಸ್ತಕಗಳಿಗೆ ಒರಗಿಸಿ, ಟೈಮರ್ ಇಟ್ಟು ಕೂರಿ.
2. ಹಿಂದಿನ ಕ್ಯಾಮೆರಾ ಬಳಸಿ. ಲೆನ್ಸನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ. ಮುಂದಿನ ಕ್ಯಾಮೆರಾ ಕೆಲವು ಮೊಬೈಲುಗಳಲ್ಲಿ ಕನ್ನಡಿಯಂತೆ ಎಡಬಲ ಬದಲಿಸಿಬಿಡುತ್ತದೆ.
3. ಬ್ಯೂಟಿ, ಪೋರ್ಟ್ರೇಟ್, ಫಿಲ್ಟರ್ ಎಲ್ಲ ಬಂದ್ ಮಾಡಿ. ಮಚ್ಚೆ ಅಳಿಸುವ, ಚರ್ಮ ನುಣುಪಾಗಿಸುವ ಸೌಲಭ್ಯ ಮೊಬೈಲಿನಲ್ಲಿ ತಾನಾಗಿಯೇ ಚಾಲೂ ಇರುವುದುಂಟು.
4. ಲೆನ್ಸ್ ಸರಿಯಾಗಿ ಕಣ್ಣಿನ ಮಟ್ಟಕ್ಕೆ ಇರಲಿ. ನಿಂತು ಕೆಳಮುಖವಾಗಿ ತೆಗೆದರೆ ಹಣೆ ದೊಡ್ಡದು, ಕೆಳಗಿನಿಂದ ತೆಗೆದರೆ ಗಲ್ಲ ದೊಡ್ಡದು.
5. ನೇರ ಕೂರಿ, ಭುಜ ಸಮ, ಬಾಯಿ ಮುಚ್ಚಿ, ಕಣ್ಣು ತೆರೆದು ಲೆನ್ಸನ್ನೇ ನೋಡಿ. ಮುಖ ಬಿಗಿಯುವುದು ಬೇಡ. ಒಮ್ಮೆ ಉಸಿರು ಬಿಟ್ಟು, ಆಮೇಲೆ ತೆಗೆಸಿಕೊಳ್ಳಿ.
6. ಹತ್ತು ಹದಿನೈದು ಫೋಟೋ ತೆಗೆಯಿರಿ. ಆಮೇಲೆ ದೊಡ್ಡದು ಮಾಡಿ ನೋಡಿ. ಕಣ್ಣಿನ ರೆಪ್ಪೆ ಸ್ಪಷ್ಟವಾಗಿದ್ದರೆ ಫೋಟೋ ನಡುಗಿಲ್ಲ ಎಂದರ್ಥ.

12 ಮೆಗಾಪಿಕ್ಸೆಲ್ ಮೊಬೈಲಿನಲ್ಲಿ ಒಂದೂವರೆ ಮೀಟರ್ ದೂರದಿಂದ ತೆಗೆದರೆ ತಲೆಯ ಎತ್ತರ ಸುಮಾರು 480 ಪಿಕ್ಸೆಲ್ ಬರುತ್ತದೆ. 35 x 45 ಮಿ.ಮೀ. ಪ್ರಿಂಟಿಗೆ 400 ಇದ್ದರೂ ಸಾಕು. 630 x 810 ಪಿಕ್ಸೆಲ್ ಫೋಟೋಗೆ ಮಾತ್ರ ತಲೆಯೇ ಸುಮಾರು 650 ಪಿಕ್ಸೆಲ್ ಬೇಕು. ಅದಕ್ಕೆ ಎರಡು ಪಟ್ಟು ಹತ್ತಿರ ತರುವ ಪ್ರತ್ಯೇಕ ಲೆನ್ಸ್ ಇರುವ ಮೊಬೈಲ್ ಅಥವಾ 50 ಮೆಗಾಪಿಕ್ಸೆಲ್ ಆಯ್ಕೆ ಬಳಸಿ.

ಕೈಗೂಸಿನ ಫೋಟೋ

ಮನೆಯಲ್ಲಿ ಫೋಟೋ ತೆಗೆಯುವುದರ ನಿಜವಾದ ಲಾಭ ಇಲ್ಲಿದೆ. ಸ್ಟುಡಿಯೋದ ಝಗಮಗ ದೀಪಕ್ಕೆ ಹೆದರಿ ಅಳುವ ಕೂಸು ಮನೆಯಲ್ಲಿ ಅಮ್ಮನ ದನಿ ಕೇಳಿಕೊಂಡು ಸುಮ್ಮನಿರುತ್ತದೆ. ಚಿಕ್ಕ ಮಕ್ಕಳ ಪಾಸ್‌ಪೋರ್ಟ್ 5 ವರ್ಷ ನಡೆಯುತ್ತದೆ. ಮುಖ ಬೇಗ ಬದಲಾಗುವ ವಯಸ್ಸಾದ್ದರಿಂದ ಇರುವ ಫೋಟೋ ಸ್ಪಷ್ಟವಾಗಿರಬೇಕಾದ್ದು ಇನ್ನೂ ಮುಖ್ಯ.

ಹಾಲು ಕುಡಿಸಿ, ನಿದ್ದೆ ಮುಗಿಸಿ ಎದ್ದ ಹೊತ್ತು ನೋಡಿಕೊಳ್ಳಿ. ಕಿಟಕಿಯ ಬಳಿ ನೆಲದ ಮೇಲೆ ಮೆತ್ತೆ ಹಾಸಿ, ಅದರ ಮೇಲೆ ಬಿಳಿ ಬಟ್ಟೆ ಬಿಗಿಯಾಗಿ ಹಾಸಿ. ಮಗುವನ್ನು ಅಂಗಾತ ಮಲಗಿಸಿ, ತಲೆ ನೇರ ಇರುವಂತೆ ಮಾಡಿ. ಮೇಲಿನಿಂದ ತೆಗೆಯಿರಿ. ನಿಮ್ಮ ನೆರಳು ಮಗುವಿನ ಮೇಲೆ ಬೀಳದಂತೆ ಕಿಟಕಿಯ ಎದುರು ಬದಿಗೆ ನಿಲ್ಲಿ. ಮೊಬೈಲನ್ನು ಎರಡು ಕೈಯಲ್ಲಿ ಗಟ್ಟಿ ಹಿಡಿಯಿರಿ, ಕೈಜಾರಿದರೆ ಮಗುವಿನ ಮೇಲೆ ಬೀಳುತ್ತದೆ.

ಹಿಡಿದವರ ಕೈ, ಆಟದ ಸಾಮಾನು, ಬಾಯಿಗಿಡುವ ನಿಪ್ಪಲ್ ಯಾವುದೂ ಕಾಣಬಾರದು. ದೃಷ್ಟಿ ಬೊಟ್ಟನ್ನು ಆ ಹೊತ್ತಿಗೆ ಒರೆಸಿ. ಕೆನ್ನೆಯ ಮೇಲಿನ ದೊಡ್ಡ ಕಪ್ಪು ಬೊಟ್ಟು ಮಚ್ಚೆಯಂತೆ ಕಾಣುತ್ತದೆ. ಫೋಟೋ ಮುಗಿದ ತಕ್ಷಣ ಅಜ್ಜಿ ಮತ್ತೆ ಇಟ್ಟುಕೊಳ್ಳಲಿ, ಯಾರದೇನೂ ಅಡ್ಡಿಯಿಲ್ಲ. ಕಣ್ಣು ತೆರೆಸಲು ಲೆನ್ಸಿನ ಪಕ್ಕದಲ್ಲಿ ಗೆಜ್ಜೆಯನ್ನೋ ಗಿಲಕಿಯನ್ನೋ ಆಡಿಸಿದರೆ ಮಗು ಅತ್ತಲೇ ನೋಡುತ್ತದೆ. ಕೂರಲು ಬರುವ ಮಗುವಾದರೆ ಕುರ್ಚಿಗೆ ಬಿಳಿ ಬಟ್ಟೆ ಹೊದಿಸಿ ಕೂರಿಸಿ.

ಹಿರಿಯರ ಫೋಟೋ

ಹಾಸಿಗೆ ಹಿಡಿದವರನ್ನು ಎಬ್ಬಿಸಿ ಗೋಡೆಗೆ ನಿಲ್ಲಿಸುವ ಸಾಹಸ ಬೇಡ. ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ದಿಂಬು ಕಾಣದಂತೆ ಹಿಂದೆ ಇಬ್ಬರು ಬಿಳಿ ಬಟ್ಟೆ ಹಿಡಿದರೆ ಸಾಕು. ಕೂರಲೂ ಆಗದವರಿಗೆ ಮಗುವಿಗೆ ಹೇಳಿದ ಉಪಾಯವೇ ನಡೆಯುತ್ತದೆ. ಬಗ್ಗಿದ ಬೆನ್ನಿನವರ ಮುಖ ಕೆಳಗಾಗಿರುತ್ತದೆ. ತಲೆ ಎತ್ತಿ ಎಂದು ಪೀಡಿಸುವ ಬದಲು ಕ್ಯಾಮೆರಾವನ್ನೇ ತಗ್ಗಿಸಿ.

ಅಂದಹಾಗೆ ಪಿಂಚಣಿದಾರರಿಗೆ ಒಂದು ಮಾತು. ಕೇಂದ್ರ ಸರಕಾರದ 'ಜೀವನ್ ಪ್ರಮಾಣ್' ಜೀವಿತ ಪ್ರಮಾಣಪತ್ರಕ್ಕೆ 2021ರ ನವೆಂಬರ್‌ನಿಂದ ಮುಖ ಗುರುತಿಸುವ ಸೌಲಭ್ಯ ಬಂದಿದೆ. ಬೆರಳಿನ ಗೆರೆ ಸವೆದವರಿಗೆ, ಅದರಲ್ಲೂ ನೂಲು ಎಳೆದೂ ಎಳೆದೂ ಬೆರಳು ನುಣುಪಾದ ಹಳೆಯ ನೇಕಾರರಿಗೆ, ಇದು ಅನುಕೂಲ. ಇಲ್ಲೂ ಬೆಳಕು ಮುಖದ ಮುಂದಿನಿಂದ ಬರಬೇಕು, ಹಿಂದಿನಿಂದ ಬರಬಾರದು ಎಂಬ ನಿಯಮವೇ ಕೆಲಸ ಮಾಡುತ್ತದೆ.

ಕತ್ತರಿಸುವುದು ಮತ್ತು ಕೆಬಿ ಲೆಕ್ಕ

ಮೊಬೈಲಿನ ಗ್ಯಾಲರಿಯಲ್ಲೇ ಕತ್ತರಿಸಬಹುದು. ಕಂಪ್ಯೂಟರ್ ಇದ್ದವರು ಉಚಿತವಾಗಿ ಸಿಗುವ ಗಿಂಪ್ ಅಥವಾ ಇರ್ಫಾನ್‌ವ್ಯೂ ಬಳಸಬಹುದು. 7ಕ್ಕೆ 9ರ ಆಕಾರ ಆರಿಸಿ. ಗಲ್ಲದಿಂದ ನೆತ್ತಿಯವರೆಗಿನ ಎತ್ತರ ಇಡೀ ಫೋಟೋದ ಮುಕ್ಕಾಲು ಭಾಗ ಬರಲಿ. 45 ಮಿ.ಮೀ.ಯಲ್ಲಿ ಇದು ಸುಮಾರು 34 ಮಿ.ಮೀ. ನೆತ್ತಿಯ ಮೇಲೆ ಸ್ವಲ್ಪ ಬಿಳಿ ಜಾಗ ಉಳಿಯಬೇಕು. 300 ಡಿಪಿಐ ಲೆಕ್ಕದಲ್ಲಿ 35 x 45 ಮಿ.ಮೀ. ಎಂದರೆ 413 x 531 ಪಿಕ್ಸೆಲ್.

ತಾಣವು 'ಫೈಲ್ ದೊಡ್ಡದಾಯಿತು' ಎಂದರೆ ಮೊದಲು ಪಿಕ್ಸೆಲ್ ಅಳತೆ ಇಳಿಸಿ. ಆಮೇಲೂ ಹೆಚ್ಚಿದ್ದರೆ ಮಾತ್ರ ಜೆಪೆಗ್ ಗುಣಮಟ್ಟ ಇಳಿಸಿ. ಉಲ್ಟಾ ಮಾಡಿದರೆ ಮುಖ ಚೌಕ ಚೌಕವಾಗಿ ಒಡೆಯುತ್ತದೆ. ಮೂಲ ಫೋಟೋ ಅಳಿಸಬೇಡಿ, ನಾಳೆ ಬೇರೆ ಅಳತೆ ಬೇಕಾದೀತು.

ಇನ್ನೊಂದು ಎಚ್ಚರ. ವಾಟ್ಸ್ಆಪ್‌ನಲ್ಲಿ ಫೋಟೋ ಎಂದು ಕಳಿಸಿದರೆ ಅದು ಫೋಟೋವನ್ನು ಕುಗ್ಗಿಸುತ್ತದೆ. ಅಂಗಡಿಗೋ ಇ-ಸೇವೈ ಕೇಂದ್ರಕ್ಕೋ ಕಳಿಸುವಾಗ 'ಡಾಕ್ಯುಮೆಂಟ್' ಆಗಿ ಕಳಿಸಿ.

ಒಂದು ಹಾಳೆಯಲ್ಲಿ ಎಂಟು

4 x 6 ಇಂಚಿನ ಹಾಳೆ ಎಂದರೆ 102 x 152 ಮಿ.ಮೀ. ಅಡ್ಡಲಾಗಿ ಇಟ್ಟರೆ 35 ಮಿ.ಮೀ.ಯ ನಾಲ್ಕು ಫೋಟೋ ಸೇರಿ 140 ಮಿ.ಮೀ., ಎರಡು ಸಾಲಿಗೆ 90 ಮಿ.ಮೀ. ಒಟ್ಟು ಎಂಟು ಫೋಟೋ ಹಿಡಿದು ಸುತ್ತ ಸ್ವಲ್ಪ ಅಂಚೂ ಉಳಿಯುತ್ತದೆ. ಸ್ಟುಡಿಯೋದವರು 'ಎಂಟು ಕಾಪಿ' ಎನ್ನುವುದರ ಹಿಂದಿನ ಲೆಕ್ಕ ಇದೇ! ಅಮೆರಿಕದ 2 x 2 ಇಂಚಿನದಾದರೆ ಅದೇ ಹಾಳೆಯಲ್ಲಿ ಆರು ಹಿಡಿಯುತ್ತವೆ, ಆದರೆ ಅಂಚು ಉಳಿಯುವುದಿಲ್ಲ. ನಾಲ್ಕಕ್ಕೆ ನಿಲ್ಲಿಸುವುದು ಲೇಸು.

ಮನೆಯ ಸಾಮಾನ್ಯ ಕಾಗದದಲ್ಲಿ ಪ್ರಿಂಟ್ ತೆಗೆಯಬೇಡಿ. ಎಂಟು ಫೋಟೋ ಜೋಡಿಸಿದ ಹಾಳೆಯನ್ನು ಪೆನ್‌ಡ್ರೈವ್‌ನಲ್ಲಿ ಸ್ಟುಡಿಯೋಗೆ ಒಯ್ದು ಫೋಟೋ ಕಾಗದದಲ್ಲಿ ಹಾಕಿಸಿ. ಮಗುವನ್ನೋ ಅಜ್ಜಿಯನ್ನೋ ಒಯ್ಯುವ ಕಷ್ಟ ತಪ್ಪಿತು, ಸ್ಟುಡಿಯೋದವರಿಗೂ ವ್ಯಾಪಾರವಾಯಿತು. ಕೌಂಟರಿನಲ್ಲಿ ತಮಿಳಿನಲ್ಲಿ ಮೂರು ಮಾತು ಹೇಳಿದರೆ ಕೆಲಸ ಸಲೀಸು:

* 'ಬ್ಯಾಕ್‌ಗ್ರೌಂಡ್ ವೆಳ್ಳೈಯಾ ಇರುಕ್ಕಣುಂ' (ಹಿನ್ನೆಲೆ ಬಿಳಿಯಾಗಿಯೇ ಇರಬೇಕು)
* 'ಅಳವು ಮಾಟ್ರಾಮೆ ಪ್ರಿಂಟ್ ಪೋಡುಂಗ' (ಅಳತೆ ಬದಲಿಸದೆ ಪ್ರಿಂಟ್ ಹಾಕಿ)
* 'ಮುಗತ್ತೆ ಎಡಿಟ್ ಪಣ್ಣಾದೀಂಗ' (ಮುಖವನ್ನು ಎಡಿಟ್ ಮಾಡಬೇಡಿ)

ಎರಡನೆಯ ಮಾತು ಮುಖ್ಯ. ಅಂಚಿಲ್ಲದೆ ಪ್ರಿಂಟ್ ಹಾಕುವ ಯಂತ್ರಗಳು ಚಿತ್ರವನ್ನು ತುಸು ದೊಡ್ಡದು ಮಾಡುವುದುಂಟು. ಪ್ರಿಂಟ್ ಕೈಗೆ ಬಂದ ಕೂಡಲೇ ಅಳತೆಪಟ್ಟಿ ಇಟ್ಟು ನೋಡಿ. ಆಮೇಲೆ ಕತ್ತರಿ ಹಾಕಿ. ಫೋಟೋ ಹಿಂದೆ ಬಾಲ್‌ಪೆನ್ನಿನಲ್ಲಿ ಒತ್ತಿ ಹೆಸರು ಬರೆದರೆ ಮುಂದುಗಡೆ ಗೀರು ಮೂಡುತ್ತದೆ. ಮುಖದ ಮೇಲೆ ಸ್ಟೇಪ್ಲರ್ ಪಿನ್ ಹೊಡೆಯುವುದಂತೂ ಬೇಡವೇ ಬೇಡ.

ಆಪ್‌ನಲ್ಲಿ ಹಿನ್ನೆಲೆ ಬದಲಿಸಿದರೆ ಆಗದೇ?

ಈಗ ಒಂದು ಬೆರಳು ಒತ್ತಿದರೆ ಹಿನ್ನೆಲೆ ಬಿಳಿ ಮಾಡಿ, ಕೋಟು ತೊಡಿಸಿ, ಮುಖ ಬೆಳ್ಳಗೆ ಮಾಡಿ ಕೊಡುವ ಆಪ್‌ಗಳು ಬೇಕಾದಷ್ಟಿವೆ. ಕಾಲೇಜಿನ ಗುರುತಿನ ಚೀಟಿಗೆ ಪರವಾಗಿಲ್ಲ, ಪಾಸ್‌ಪೋರ್ಟಿಗೂ ವೀಸಾಕ್ಕೂ ಆಗದು. ಕಂಪ್ಯೂಟರಿನಲ್ಲಿ ತಿದ್ದಿದ ಫೋಟೋ ಬೇಡ ಎಂದು ಭಾರತದ ರಾಯಭಾರ ಕಚೇರಿಗಳೂ ಅಮೆರಿಕವೂ ಸ್ಪಷ್ಟವಾಗಿ ಹೇಳಿವೆ. ಹಿನ್ನೆಲೆ ಕತ್ತರಿಸುವಾಗ ಕೂದಲಿನ ಎಳೆ, ಕಿವಿಯ ಅಂಚು ತಿಂದುಹೋಗುತ್ತವೆ. ಮುಖ ನುಣುಪಾದರೆ ಯಂತ್ರಕ್ಕೆ ಗುರುತು ಸಿಗದು. ಕತ್ತರಿಸುವುದು, ಅಳತೆ ಇಳಿಸುವುದು ಇಷ್ಟಕ್ಕೆ ಮಾತ್ರ ಕೈ ಹಾಕಿ.

ಇಷ್ಟು ಕಟ್ಟುನಿಟ್ಟಿಗೆ ಕಾರಣ ಇದೆ. ಇಬ್ಬರ ಮುಖಗಳನ್ನು ಕಂಪ್ಯೂಟರಿನಲ್ಲಿ ಬೆರೆಸಿ ಒಂದೇ ಫೋಟೋ ಮಾಡಿದರೆ ಒಂದೇ ಪಾಸ್‌ಪೋರ್ಟಿನಲ್ಲಿ ಇಬ್ಬರೂ ಓಡಾಡುವ ಅಪಾಯವಿದೆ. ಇದನ್ನು ತಡೆಯಲು ಜರ್ಮನಿ 2025ರ ಮೇ 1ರಿಂದ ತನ್ನ ನಾಗರಿಕರ ಪಾಸ್‌ಪೋರ್ಟಿಗೆ ಕಾಗದದ ಫೋಟೋ ಪಡೆಯುವುದನ್ನೇ ಬಿಟ್ಟಿತು. ಅಲ್ಲಿ ಕಚೇರಿಯಲ್ಲೇ ತೆಗೆಸಬೇಕು, ಇಲ್ಲವೇ ನೋಂದಾಯಿತ ಸ್ಟುಡಿಯೋದಿಂದ ಸುರಕ್ಷಿತವಾಗಿ ಕಳಿಸಬೇಕು. ನಮ್ಮ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ದೊಡ್ಡವರ ಫೋಟೋ ಎದುರಿಗೇ ತೆಗೆಯುವುದರಿಂದಲೂ ಇಂತಹ ಮೋಸಕ್ಕೆ ಜಾಗ ಸಿಗುವುದಿಲ್ಲ.

ನಿಮ್ಮ ಮುಖ, ನಿಮ್ಮ ಸೊತ್ತು

ಗೊತ್ತಿಲ್ಲದ ತಾಣಕ್ಕೆ ಫೋಟೋ ಏರಿಸಬೇಡಿ. ಫೋಟೋ ಜತೆಗೆ ಆಧಾರ್ ನಂಬರ್, ಹುಟ್ಟಿದ ದಿನ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಫೋಟೋ ಕತ್ತರಿಸಲು ಅವು ಯಾವುದೂ ಬೇಕಿಲ್ಲ. ಅಂಗಡಿಯ ಕಂಪ್ಯೂಟರಿನಲ್ಲಿ ಕೆಲಸ ಮುಗಿದ ಮೇಲೆ ಫೋಟೋ ಅಳಿಸಲು ಹೇಳಿ, ಎದುರಿಗೇ ಅಳಿಸಿಸಿ. ಹೆಣ್ಣುಮಕ್ಕಳ ಫೋಟೋ ವಿಷಯದಲ್ಲಿ ಈ ಮಾತನ್ನು ಕೇಳಲು ಸಂಕೋಚವೇ ಬೇಡ, ಅದು ನಿಮ್ಮ ಹಕ್ಕು.

ಕಳಿಸುವ ಮುನ್ನ ಒಮ್ಮೆ ನೋಡಿ

* ಅಳತೆ ಅರ್ಜಿಯಲ್ಲಿ ಕೇಳಿದಷ್ಟೇ ಇದೆಯೇ?
* ಹಿನ್ನೆಲೆ ಬಿಳಿ ಇದೆಯೇ? ತಲೆಯ ಹಿಂದೆ ನೆರಳು ಇಲ್ಲ ತಾನೇ?
* ಎರಡು ಕಣ್ಣೂ ತೆರೆದಿವೆಯೇ? ಕಿವಿ ಎರಡೂ ಕಾಣುತ್ತಿವೆಯೇ?
* ಎರಡು ಕೆನ್ನೆಯ ಬೆಳಕೂ ಒಂದೇ ಸಮನಾಗಿದೆಯೇ?
* ಬಾಯಿ ಮುಚ್ಚಿದೆಯೇ? ತಲೆ ನೇರ ಇದೆಯೇ?
* ಕನ್ನಡಕ, ಟೋಪಿ, ಫಿಲ್ಟರ್ ಯಾವುದೂ ಇಲ್ಲವಷ್ಟೇ?
* ಫೋಟೋ ಇತ್ತೀಚಿನದೇ? ಗಡ್ಡ ಬಿಟ್ಟು, ಮೈ ಇಳಿದು ಮುಖ ಬದಲಾಗಿದ್ದರೆ ಹಳೆಯದು ಬೇಡ.

ಎಲ್ಲಕ್ಕೂ ಉತ್ತರ ಸರಿ ಬಂದರೆ ನಿಮ್ಮ ಫೋಟೋ ಸಿದ್ಧ. ಒಂದಕ್ಕೆ ಅನುಮಾನ ಬಂದರೂ ಮತ್ತೊಮ್ಮೆ ತೆಗೆಯಿರಿ. ಮನೆಯ ಕಿಟಕಿಗೂ ಹಗಲು ಬೆಳಕಿಗೂ ಕಾಸು ಕೊಡಬೇಕಾಗಿಲ್ಲ. ಕೊನೆಯ ದಿನದವರೆಗೆ ಕಾಯದೆ, ಅರ್ಜಿ ತುಂಬುವ ಒಂದು ವಾರ ಮುಂಚೆಯೇ ಫೋಟೋ ಕೆಲಸ ಮುಗಿಸಿಟ್ಟರೆ ನೆಮ್ಮದಿ.